ಎಂಟು ಸಾವಿರದ ನಾಯಿ

ನಮ್ಮ ಕಡೆ ಯಾರ ಕೈಯಲ್ಲಿ ಏನು ಕಂಡರೂ ಮೊದಲು ಕೇಳುವುದು ಅದರ ಕ್ರಯ. ಬಸ್ಸಿನಲ್ಲಿ ಪಕ್ಕದವನ ಚೀಲದಿಂದ ಬಂಗುಡೆಯ ಬಾಲ ಇಣುಕಿದರೆ ಸಾಕು, ಅವನ ಊರು ಯಾವುದೆಂದು ತಿಳಿಯುವ ಮೊದಲೇ "ಎಷ್ಟಕ್ಕೆ ಸಿಕ್ತ್?" ಎಂದು ಕೇಳಿಯಾಗಿರುತ್ತದೆ. ಅವನಿಗೂ ಬೇಸರವಿಲ್ಲ, ಸಂತೋಷದಿಂದ ಸುಳ್ಳು ಹೇಳುತ್ತಾನೆ. ಇನ್ನೂರು ಕೊಟ್ಟಿದ್ದರೆ ನೂರೈವತ್ತು ಎನ್ನುತ್ತಾನೆ. ಮೀನಿಗೆ ಹೆಚ್ಚು ಕೊಟ್ಟವನು ಪೆದ್ದ ಎಂಬ ವಿಷಯದಲ್ಲಿ ಗಂಗೊಳ್ಳಿಯಿಂದ ಕೋಟದವರೆಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಈಚೆಗೆ ನಾಯಿಯ ವಿಷಯದಲ್ಲಿ ಮಾತ್ರ ಇದು ತಿರುಗುಮುರುಗಾಗಿದೆ. ನಾಯಿಗೆ ಕಡಿಮೆ ಕೊಟ್ಟವನು ತಲೆ ಎತ್ತಿ ತಿರುಗುವಂತಿಲ್ಲ.

ನಾನು ಚಿಕ್ಕವನಿದ್ದಾಗ ನಾಯಿಗೆ ಕ್ರಯವೇ ಇರಲಿಲ್ಲ. ಯಾರದೋ ಮನೆಯ ಕಟ್ಟಿಗೆ ಕೊಟ್ಟಿಗೆಯಲ್ಲಿ ಮರಿ ಹಾಕಿದೆ ಎಂದು ಸುದ್ದಿ ಬಂದರೆ ಹೋಗಿ ಒಂದನ್ನು ಎತ್ತಿಕೊಂಡು ಬರುವುದು. ಪುಕ್ಕಟೆ ತಂದರೆ ನಿಲ್ಲುವುದಿಲ್ಲ ಎಂದು ನಮ್ಮ ಮನೆಯಲ್ಲಿ ಒಂದು ನಂಬಿಕೆ, ಅದಕ್ಕೆ ಒಂದು ತೆಂಗಿನಕಾಯಿ ಕೊಡುವುದು. ನನ್ನ ಅಮ್ಮ ಗಂಗೊಳ್ಳಿಯಲ್ಲಿ ಮೀನು ಮಾರುತ್ತಿದ್ದವಳು. ಮರಿ ತರಲು ಹೊರಟಾಗ ಕಾಯಿಯ ರಾಶಿಯಲ್ಲಿ ಅತಿ ಸಣ್ಣದನ್ನು ಹುಡುಕಿ ತೆಗೆಯುತ್ತಿದ್ದಳು. ಅಮ್ಮನ ಬುಟ್ಟಿಯ ಪಕ್ಕ ಹತ್ತನೇ ವಯಸ್ಸಿನಿಂದಲೇ ಕುಳಿತು ಬೆಳೆದವಳು ನನ್ನ ಅಕ್ಕ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ಜೇಬಿನಲ್ಲಿ ಎಷ್ಟಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ನಾನು ಈಗ ಬಂದರಿನ ಹತ್ತಿರ ಬಲೆ, ಹಗ್ಗ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಅಕ್ಕನಿಗೆ ಬಂದ ಆ ವಿದ್ಯೆ ನನಗೆ ಬರಲೇ ಇಲ್ಲ.

ಅಕ್ಕನ ಗಂಡ, ಅಂದರೆ ನನ್ನ ಭಾವ, ಮುಂಬೈಯಲ್ಲಿ ಬಹಳ ವರ್ಷ ಕ್ಯಾಂಟೀನು ನಡೆಸಿ ಅದನ್ನು ಕೊಟ್ಟು ಬಂದು ಕೋಟದಲ್ಲಿ ಹೈವೇಗೆ ಹತ್ತಿರವಾಗಿ ಮನೆ ಕಟ್ಟಿಸಿದರು. ಮುಂಬೈಯಲ್ಲಿ ಅವರನ್ನು 'ಸೇಟ್' ಎಂದು ಕರೆಯುತ್ತಿದ್ದರಂತೆ. ಕೋಟದಲ್ಲಿ ಯಾರೂ ಕರೆಯಲಿಲ್ಲ. ಬೆಳಿಗ್ಗೆ ಎದ್ದು ಬಿಳಿ ಪೈಜಾಮ ತೊಟ್ಟು ಗೇಟಿನಲ್ಲಿ ನಿಲ್ಲುತ್ತಿದ್ದರು, ದಾರಿಯಲ್ಲಿ ಹೋಗುವವರು ಹಾಲಿನವನಿಗಾಗಿ ಕಾಯುತ್ತಿದ್ದಾರೆ ಎಂದುಕೊಂಡು ಹೋಗುತ್ತಿದ್ದರು. ಮುಂಬೈಯ ಕತೆ ಶುರುಮಾಡಿದರೆ ಅಕ್ಕ ಮಿಕ್ಸಿ ಹಾಕುತ್ತಿದ್ದಳು.

ಅದೇ ಸಮಯಕ್ಕೆ ಅಕ್ಕನ ಎಡಗಡೆಯ ಎರಡು ದವಡೆ ಹಲ್ಲು ಹಾಳಾಗಿದ್ದವು. ಕುಂದಾಪುರದ ಹಲ್ಲಿನ ಡಾಕ್ಟರು ಬೇರಿನ ಚಿಕಿತ್ಸೆ ಮಾಡಿ ಟೋಪಿ ಹಾಕಬೇಕು, ಹನ್ನೆರಡು ಸಾವಿರ ಆಗುತ್ತದೆ ಎಂದಿದ್ದರು. ಭಾವ "ಮಳಿಗಾಲ ಒಂದ್ ಮುಗೀಲಿ, ಕಾಂಬ" ಎಂದರು. ಮಳೆಗಾಲ ಮುಗಿಯಿತು. ದೀಪಾವಳಿ ಕಳೆಯಲಿ ಎಂದರು, ಅದೂ ಕಳೆಯಿತು. ಅಕ್ಕ ಒಂದು ವರ್ಷದಿಂದ ಬಲಗಡೆಯಲ್ಲಿ ಮಾತ್ರ ಅಗಿಯುತ್ತಿದ್ದಳು. ಕುಚ್ಚಲಕ್ಕಿ ಅನ್ನವನ್ನೂ ಗಂಜಿ ಮಾಡಿಕೊಂಡು ಕುಡಿಯುತ್ತಿದ್ದಳು.

ಹೀಗಿರುವಾಗ ಭಾವನ ಪಕ್ಕದ ಮನೆಯವರು ಮೂವತ್ತೈದು ಸಾವಿರ ಕೊಟ್ಟು ಒಂದು ನಾಯಿ ತಂದರು. ಭಾವನಿಗೆ ಆ ವಾರ ಊಟ ಸೇರಲಿಲ್ಲ. ಮುಂದಿನ ವಾರ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಮಂಗಳೂರಿಗೆ ಹೊರಟರು.

ನಾಯಿ ಮಾರುವವನ ಮನೆಯಲ್ಲಿ ನಮ್ಮನ್ನು ಸೋಫಾದ ಮೇಲೆ ಕೂರಿಸಿದರು, ಜ್ಯೂಸು ಕೊಟ್ಟರು. ಒಳಗಿನಿಂದ ಮರಿಯನ್ನು ಬಾಚಿ ಪೌಡರು ಹಾಕಿ ಕರೆತಂದರು. ಹೆಣ್ಣು ನೋಡಲು ಹೋದ ಹಾಗೇ ಇತ್ತು. ಹಿಮ ಬೀಳುವ ದೇಶದ ಹಸ್ಕಿ ಎಂಬ ಜಾತಿ, ನೀಲಿ ಕಣ್ಣು, ಮೈತುಂಬ ಕಂಬಳಿಯಂಥ ಕೂದಲು. ಅದರ ಅಪ್ಪ, ಅಜ್ಜ, ಮುತ್ತಜ್ಜನ ಹೆಸರೆಲ್ಲ ಬರೆದ ಒಂದು ಸರ್ಟಿಫಿಕೇಟು ಕೈಗಿಟ್ಟರು. ತಮ್ಮ ಮುತ್ತಜ್ಜನ ಹೆಸರು ಕೇಳಿದರೆ ತಡವರಿಸುವ ಭಾವ ಆ ಕಾಗದವನ್ನು ಕನ್ನಡಕ ಹಾಕಿಕೊಂಡು ಭಕ್ತಿಯಿಂದ ಓದಿದರು. ಕ್ರಯ ಅರವತ್ತು ಸಾವಿರ. ಐದು ರೂಪಾಯಿ ಹೆಚ್ಚು ಹೇಳಿದ ಎಂದು ಬಸಳೆಯ ಕಟ್ಟನ್ನು ಸಂತೆಯಲ್ಲಿ ವಾಪಸು ಇಟ್ಟು ಬರುವ ಮನುಷ್ಯ ಒಂದೇ ಒಂದು ಮಾತು ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡಿದರೆ ನಾಯಿ ಏನಂದುಕೊಳ್ಳುತ್ತದೋ ಎಂಬ ಸಂಕೋಚವೋ ಏನೋ!

ಬರುವಾಗ ಭಾವ ನನ್ನ ಮುಖ ನೋಡದೆ ಹೇಳಿದರು: "ನಿನ್ ಅಕ್ಕನ್ ಹತ್ರ ಎಂಟ್ ಸಾವ್ರ ಅಂದೇಳಿ ಹೇಳುವ, ಆಯ್ತಾ? ಅವ್ಳಿಗ್ ಇದೆಲ್ಲ ಅರ್ಥ ಆತಿಲ್ಲೆ."

ನಾನು ಆಯಿತು ಎಂದು ತಲೆಯಾಡಿಸಿದೆ. ಮನೆಗೆ ಹೋದ ಮೇಲೆ ಅಕ್ಕ ನನ್ನನ್ನೇ ಕೇಳಿದಳು, ಗಂಡನಿಗಿಂತ ನನ್ನ ಮೇಲೆ ಅವಳಿಗೆ ನಂಬಿಕೆ. ಎಂಟು ಸಾವಿರ ಎಂದೆ. "ಎಂಟಾ? ನಾನಿದ್ದಿರೆ ಆರಕ್ ತತ್ತಿದ್ದೆ" ಎಂದಳು. ಅಷ್ಟಕ್ಕೆ ಬಿಟ್ಟಳು, ಹಲ್ಲಿನ ಮಾತು ಎತ್ತಲಿಲ್ಲ.

ನಾಯಿಗೆ ಭಾವ ಒಂದು ಇಂಗ್ಲಿಷ್ ಹೆಸರಿಟ್ಟರು. ಅಕ್ಕನ ನಾಲಿಗೆಗೆ ಅದು ಹೊರಳಲಿಲ್ಲ, ಅವಳು ದಾರಿಹೋಕರನ್ನು ಕೂಗುವ ಹಾಗೆ "ಹ್ವಾಯ್" ಎಂದೇ ಕರೆದಳು. ನಾಯಿಯೂ ಅದಕ್ಕೇ ಓಡಿಬರುತ್ತಿತ್ತು. ಏಪ್ರಿಲ್ ಸೆಕೆಗೆ ಅದು ನಾಲಿಗೆ ನೆಲಕ್ಕೆ ಚಾಚಿ ಮಲಗಿದಾಗ ನಾಯಿಗೆಂದು ಒಂದು ಕೋಣೆಗೆ ಎ.ಸಿ. ಬಂತು. ಅಕ್ಕ ಅಡುಗೆಮನೆಯಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

ಇನ್ನು ನೋಡಲು ಬರುವವರ ಕತೆ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಅಕ್ಕನ ಎದುರು ಹೇಳುವಂತಿಲ್ಲ, ಹೇಳದೆ ಭಾವನಿಗೆ ನಿದ್ದೆ ಬರುವಂತಿಲ್ಲ. ಆದ್ದರಿಂದ ಬಂದವರನ್ನು ಬಾವಿ ತೋರಿಸುವ ನೆಪದಲ್ಲಿ ಹಿತ್ತಲಿಗೆ ಕರೆದುಕೊಂಡು ಹೋಗಿ "ಅರವತ್ತ್" ಎನ್ನುತ್ತಿದ್ದರು. "ಒಳಗ್ ಹೇಳ್ಬೇಡಿ, ಮರ್ರೆ" ಎಂದೂ ಸೇರಿಸುತ್ತಿದ್ದರು. ಒಂದು ತಿಂಗಳಲ್ಲಿ ಆ ಬಾವಿಯನ್ನು ಕೋಟದ ಅರ್ಧ ಜನ ನೋಡಿದರು. ಅಕ್ಕನೊಬ್ಬಳನ್ನು ಬಿಟ್ಟು ಊರಿಗೆಲ್ಲ ನಾಯಿಯ ಕ್ರಯ ಗೊತ್ತಿತ್ತು. ಯಾವ ಗುಟ್ಟೂ ಸಂಜೆಯವರೆಗೆ ಉಳಿಯದ ಊರಿನಲ್ಲಿ ಈ ಗುಟ್ಟು ಉಳಿಯಿತು. ಗಂಡಸರೆಲ್ಲ ಸೇರಿ ಕಾಪಾಡಿದ್ದಕ್ಕೆ ಇರಬೇಕು, ಅವರವರ ಮನೆಯಲ್ಲೂ ಒಂದೊಂದು ಎಂಟು ಸಾವಿರ ಇದ್ದೇ ಇರುತ್ತದಲ್ಲ. ನಾನೂ ಅವರಲ್ಲಿ ಒಬ್ಬ. ಬೇರೆಯವರಿಗೆ ಅವಳು ನೆರೆಮನೆಯ ಹೆಂಗಸು, ನನಗೆ ಒಡಹುಟ್ಟಿದವಳು.

ಒಂದು ದಿನ ಭಾವ ಬೈಂದೂರಿಗೆ ಮದುವೆಗೆ ಹೋಗಿದ್ದರು. ಗುಲ್ವಾಡಿಯ ಒಬ್ಬ ಕಾಯಿ ವ್ಯಾಪಾರಿ, ಭಾವ ನಾಯಿ ಹಿಡಿದುಕೊಂಡು ಹೈವೇ ಬದಿಯಲ್ಲಿ ಮೆರವಣಿಗೆ ಹೋಗುವುದನ್ನು ಹಲವು ಸಲ ಕಂಡವನು, ಗೇಟಿನಲ್ಲಿ ಬಂದು ನಿಂತ.

"ನಾಯಿ ಕೊಡುಕಿತ್ತಾ, ಅಕ್ಕ?" ಎಂದು ಸುಮ್ಮನೆ ಕೇಳಿದನಂತೆ.

ಕೊಡುವುದಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಎದುರಿಗೆ ಗಿರಾಕಿ ನಿಂತು 'ಕೊಡುಕಿತ್ತಾ' ಎಂದರೆ ನನ್ನ ಅಕ್ಕನ ಬಾಯಿಂದ ಬರುವುದು ಒಂದೇ ಮಾತು, ಅದು ಅಮ್ಮನ ಬುಟ್ಟಿಯ ಪಕ್ಕ ಕಲಿತದ್ದು. "ಎಷ್ಟ್ ಕೊಡ್ತ್ರಿ?" ಎಂದಳು. ಅವನು ಏನೂ ಹೇಳದೆ ನಿಂತಾಗ ತಾನೇ "ಇಪ್ಪತ್ತ್ ಸಾವ್ರ. ಕಮ್ಮಿ ಇಲ್ಲೆ" ಎಂದಳು.

ಆ ಮನುಷ್ಯನೂ ಬಾವಿ ನೋಡಿದವನೇ. ಅರವತ್ತು ಸಾವಿರದ ನಾಯಿ ಇಪ್ಪತ್ತಕ್ಕೆ ಸಿಗುತ್ತಿರುವಾಗ ಬೇರೆ ದೇಶದವನಾದರೆ ದುಡ್ಡು ಎಸೆದು ಓಡಿಹೋಗುತ್ತಿದ್ದ. ಇವನು ನಮ್ಮವನು, ಹೇಳಿದ ಕ್ರಯಕ್ಕೇ ಕೊಂಡರೆ ರಾತ್ರಿ ಉಂಡದ್ದು ಅರಗುವುದಿಲ್ಲ. "ಹತ್ತ್" ಎಂದ. ಅರ್ಧ ಗಂಟೆ ಎಳೆದಾಡಿದರು. ಅವನು ಎರಡು ಸಲ ಗೇಟು ದಾಟಿ ಹೋದ, ಅಕ್ಕ ಎರಡು ಸಲ ಬೆನ್ನು ತಿರುಗಿಸಿ ಒಳಗೆ ಹೋದಳು. ಕೊನೆಗೆ ಹದಿನಾಲ್ಕಕ್ಕೆ ನಿಂತಿತು. ಎರಡು ಸಾವಿರದ ನೋಟಿಗೆಲ್ಲ ಕಾಲ ಮುಗಿದಿದ್ದರಿಂದ ಐನೂರರ ಕಟ್ಟನ್ನೇ ಕೊಟ್ಟು, ನಾಯಿಯನ್ನು ಟೆಂಪೋದಲ್ಲಿ ಕಾಯಿಯ ರಾಶಿಯ ಪಕ್ಕ ಕೂರಿಸಿಕೊಂಡು ಹೋದ.

ಅಕ್ಕ ಕೂಡಲೇ ನನಗೆ ಫೋನು ಮಾಡಿದಳು. "ತಮ್ಮಾ, ಆರ್ ಸಾವ್ರ ಲಾಭ! ಮೂರ್ ತಿಂಗ್ಳ್ ಸಾಕಿ ಆರ್ ಸಾವ್ರ! ನಾಳೆ ಹಲ್ಲಿನ್ ಡಾಕ್ಟ್ರತ್ರ ಹೋತೆ." ಅಷ್ಟು ಖುಷಿಯ ದನಿಯನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಆಗಲಾದರೂ ಹೇಳಬಹುದಿತ್ತು. "ಲಾಯ್ಕ್ ಆಯ್ತ್" ಎಂದು ಹೇಳಿ ಫೋನು ಇಟ್ಟೆ.

ಭಾವ ಬೈಂದೂರಿನಿಂದ ಬಂದು ಖಾಲಿ ಕೋಣೆ ನೋಡಿದರು. ಬೈಯುವಂತಿಲ್ಲ. ಎಂಟಕ್ಕೆ ತಂದದ್ದನ್ನು ಹದಿನಾಲ್ಕಕ್ಕೆ ಮಾರಿದ ಹೆಂಡತಿಯನ್ನು ಯಾವ ಬಾಯಿಯಿಂದ ಬೈಯುವುದು? "ಒಳ್ಳೆ ಕೆಲ್ಸ ಮಾಡ್ದೆ" ಎಂದು ಹೇಳಿ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ಇದನ್ನು ಅವರೇ ನನಗೆ ಹೇಳಿದ್ದು. ನನಗೆ ನಗು ಬಂತು, ಜತೆಗೇ ಪಾಪ ಎಂದೂ ಅನಿಸಿತು. ಅವರ ಮುಂಬೈಯ ಕತೆಗಳನ್ನು ಕಿವಿ ನಿಮಿರಿಸಿ ಕೂತು ಕೇಳುತ್ತಿದ್ದದ್ದು ಆ ನಾಯಿಯೊಂದೇ. ಕ್ರಯಕ್ಕಾಗಿ ತಂದ ನಾಯಿಯನ್ನು ಈ ಮನುಷ್ಯ ನಿಜವಾಗಿಯೂ ಪ್ರೀತಿಸಿಬಿಟ್ಟಿದ್ದ.

ಮೂರನೆಯ ದಿನ ಅಕ್ಕ ಎರಡನೇ ಸಲ ಕುಂದಾಪುರಕ್ಕೆ ಹಲ್ಲಿಗೆ ಹೋದಾಗ ಭಾವ ನನ್ನನ್ನು ಕರೆದುಕೊಂಡು ಗುಲ್ವಾಡಿಗೆ ಹೊರಟರು. ವ್ಯಾಪಾರಿಯ ಮನೆ ಹೊಳೆಯ ದಂಡೆಯಲ್ಲಿ. ನಾಯಿ ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕುಳಿತಿತ್ತು. ಬೆಳಿಗ್ಗೆಯಿಂದ ಹಾಗೇ ಕುಳಿತಿದೆ, ಊಟಕ್ಕೆ ಮಾತ್ರ ಏಳುತ್ತದೆ ಎಂದರು ಮನೆಯವರು. ಭಾವ ದಂಡೆಯಲ್ಲಿ ನಿಂತು ಇಂಗ್ಲಿಷ್ ಹೆಸರು ಹಿಡಿದು ನಾಲ್ಕು ಸಲ ಕೂಗಿದರು. ಅದು ಬೇರೆ ಯಾರನ್ನೋ ಕರೆಯುತ್ತಿರಬೇಕೆಂಬಂತೆ ಆಚೆ ದಡ ನೋಡಿತು. ಕೊನೆಗೆ ಅಕ್ಕ ಕರೆಯುವ ಹಾಗೆ "ಹ್ವಾಯ್!" ಎಂದರು. ಒಂದೇ ನೆಗೆತಕ್ಕೆ ಬಂದು ಅವರ ಬಿಳಿ ಪೈಜಾಮದ ಮೇಲೆ ಎರಡೂ ಮುಂಗಾಲಿಟ್ಟಿತು. ಭಾವ ಅದರ ಒದ್ದೆ ಕುತ್ತಿಗೆ ಹಿಡಿದುಕೊಂಡು ಬಿಡಲೇ ಇಲ್ಲ.

ವ್ಯಾಪಾರಿ ಇದನ್ನೆಲ್ಲ ನೋಡುತ್ತಿದ್ದ. ನೋಡಬಾರದಿತ್ತು.

"ನಿಮ್ಮ್ ಹದಿನಾಲ್ಕ್ ತಕಣಿ, ನಾಯಿ ಕೊಡಿ" ಎಂದರು ಭಾವ.

"ಅದ್ ಹ್ಯಾಂಗ್ ಆತ್ತ್? ನಾನ್ ಊರಿಗೆಲ್ಲ ಎಂಬತ್ತ್ ಕೊಟ್ಟೆ ಅಂದೇಳಿ ಹೇಳಿದ್ದೆ. ಈಗ ಹದಿನಾಲ್ಕಕ್ ಕೊಟ್ರೆ ನನ್ನ್ ಮರ್ಯಾದಿ ಎಂತ ಆಯ್ಕ್?"

ಮರ್ಯಾದೆಯ ಪ್ರಶ್ನೆ ಎಂದ ಮೇಲೆ ಭಾವನಿಗೂ ಅರ್ಥವಾಯಿತು. ಇಬ್ಬರೂ ಜಗಲಿಯಲ್ಲಿ ಕುಳಿತರು. ವ್ಯಾಪಾರಿಯ ಹೆಂಡತಿ ಚಾ ತಂದಿಟ್ಟು ಬಾಗಿಲ ಹಿಂದೆ ನಿಂತಳು. ಎಂಬತ್ತರಿಂದ ಎಪ್ಪತ್ತೈದಕ್ಕೆ ಇಳಿಯಿತು, ಎಪ್ಪತ್ತಕ್ಕೆ ಬಂತು. ಭಾವ ಅಲ್ಲೇ ಮೊಬೈಲಿನಿಂದ ಎಪ್ಪತ್ತು ಸಾವಿರ ಕಳಿಸಿದರು. ಹನ್ನೆರಡು ಸಾವಿರಕ್ಕೆ ಮಳೆಗಾಲ, ದೀಪಾವಳಿ ಎಲ್ಲ ಕಾದ ಮನುಷ್ಯನಿಗೆ ಎಪ್ಪತ್ತು ಸಾವಿರಕ್ಕೆ ಒಂದು ಲೋಟ ಚಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಉರಿದದ್ದು ಒಳಗೇ, ಹೊರಗೆ ಚಾ ಕುಡಿದೆ.

ಕಾರಿನಲ್ಲಿ ಹಿಂದಿನ ಸೀಟಿನ ತುಂಬ ನಾಯಿ, ನೀರು, ಕೆಸರು. ಭಾವ ನಗುತ್ತಾ ಹೇಳಿದರು: "ಅಕ್ಕನ್ ಹತ್ರ ಹದಿನಾಲ್ಕಕ್ಕೇ ವಾಪಾಸ್ ಕೊಟ್ರ್ ಅಂಬ, ಆಯ್ತಾ?" ನಾನು ಮತ್ತೆ ತಲೆಯಾಡಿಸಿದೆ.

ಕೋಟಕ್ಕೆ ಬಂದಾಗ ಅಕ್ಕ ಆಗಲೇ ಮನೆಯಲ್ಲಿದ್ದಳು. ಅರ್ಧ ಮುಖ ಊದಿಕೊಂಡಿತ್ತು, ಬಾಯಲ್ಲಿ ಹತ್ತಿ. ಗಂಡನನ್ನು ಅವಳು ಏನೂ ಕೇಳಲಿಲ್ಲ. ಭಾವ ತಾವಾಗಿಯೇ ಹದಿನಾಲ್ಕರ ಕತೆ ಹೇಳಿ, ಅವಳು ಹೂಂ ಎಂದದ್ದೇ ಸಾಕೆಂದು ಹಿತ್ತಲಿಗೆ ಹೋಗಿ ನಾಯಿಯನ್ನು ತೊಳೆಯತೊಡಗಿದರು. ಅಲ್ಲಿಂದ ಅವರ ನಗು ಕೇಳಿಸುತ್ತಿತ್ತು. ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು.

"ಗುಲ್ವಾಡಿಯರ್ ಹೆಂಡ್ತಿ ಫೋನ್ ಮಾಡಿದ್ಲ್" ಎಂದಳು. ಹತ್ತಿ ಇದ್ದುದರಿಂದ ಮಾತು ನಿಧಾನವಾಗಿ ಬರುತ್ತಿತ್ತು. "ಮೊದ್ಲ್ ಅರವತ್ತ್, ಈಗ ಎಪ್ಪತ್ತ್ ಅಂಬ್ರ್. ಕೋಟದಲ್ ಎಲ್ಲರಿಗೂ ಗೊತ್ತಿತ್ತ್ ಅಂಬ್ರ್. ನಿಂಗೂ ಗೊತ್ತಿತ್ತ್."

ನಾನು ಹಿತ್ತಲಿನ ಕಡೆ ನೋಡಿದೆ.

"ಇವ್ರ್ ವಿಷ್ಯ ಬಿಡ್. ಇವ್ರ್ ಹಾಂಗೇ. ನಿಂಗ್ ಎಂತ ಕೊಟ್ರ್, ನನ್ನತ್ರ ಸುಳ್ಳ್ ಹೇಳುಕೆ?"

ಅವಳ ಎದುರು ಇನ್ನೊಂದು ಸುಳ್ಳು ಹುಟ್ಟಲಿಲ್ಲ. ಮಂಗಳೂರಿನಿಂದ ಬರುವಾಗ ದಾರಿಯಲ್ಲಿ ಹೋಟೆಲಿಗೆ ಕರೆದುಕೊಂಡು ಹೋಗಿದ್ದರು, ಮೀನೂಟ, ಜತೆಗೆ ಒಂದು ಕಾಣೆ ಮೀನಿನ ಫ್ರೈ ಎಂದೆ.

"ಇವತ್ತ್?"

"ಇವತ್ತ್ ಬರೀ ಚಾ."

ಅಕ್ಕ ಊದಿದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು. ಬುಟ್ಟಿಯ ಪಕ್ಕ ಕುಳಿತು, ಹಿಂದಿನ ದಿನದ ಮೀನನ್ನು ಇವತ್ತಿನದೆಂದು ತಂದವನ ಮುಖ ನೋಡುತ್ತಿದ್ದ ಹಾಗೆ.

"ನನ್ನತ್ರ ಹೇಳಿದ್ದಿರೆ" ಎಂದಳು, "ಎರ್ಡ್ ಕಾಣೆ ನಾನೇ ಹುರ್ದ್ ಬಡಿಸ್ತಿದ್ದೆ."