ಐಕಾನ್ ಹುಡುಕುವ ಗುಮಾಸ್ತ

ನಮ್ಮ ಕಚೇರಿಯ ಗುಮಾಸ್ತನಿಗೆ ಯಾವುದಾದರೊಂದು ವೆಬ್‌ಸೈಟಿನ ಶಾರ್ಟ್‌ಕಟ್ಟನ್ನು ಪರದೆಯ ಮೇಲೆ ಇಡು ಎಂದು ಹೇಳಿದಿರೋ, ಆ ಹೊತ್ತು ಮಣ್ಣುಪಾಲಾಯಿತೆಂದೇ ತಿಳಿಯಿರಿ. ಅದರ ಜೊತೆಗೆ ಬರುವ ಐಕಾನ್ ಅವನ ಕಣ್ಣಿಗೆ ಹಿಡಿಸುವುದಿಲ್ಲ. ಹೊರಗೆ ಜನ ಸಾಲುಗಟ್ಟಿ ನಿಂತು ಕಾಲು ಬದಲಿಸುತ್ತಿದ್ದರೂ ಇವನು ಒಳಗೆ ಕೂತು ಅಂತರ್ಜಾಲದ ಚಿತ್ರಗಳ ರಾಶಿಯನ್ನು ಕೋಳಿ ತಿಪ್ಪೆ ಕೆದಕಿದಂತೆ ಕೆದಕಿ, "ಇದರ ಬಣ್ಣ ಮಂಕು, ಇದು ಚಿಕ್ಕದಾದ್ರೆ ಇಲಿಹಿಕ್ಕೆ ಥರ ಕಾಣುತ್ತೆ" ಎಂದು ಮೂಗು ಮುರಿಯುತ್ತಾನೆ. ಒಪ್ಪಿದ್ದನ್ನು ಮೂರು ಅಳತೆಯಲ್ಲಿ ಉಳಿಸಿ, ಪೆನ್‌ಡ್ರೈವಿಗೆ ತುಂಬಿಕೊಂಡು ಮನೆಗೂ ಒಯ್ಯುತ್ತಾನೆ. "ಅಲ್ಲಯ್ಯಾ, ಕೆಳಗೆ ಹೆಸರಿದೆಯಲ್ಲ, ಓದಿ ಒತ್ತೋಕೆ ಏನು ದಾಡಿ?" ಎಂದು ನಾನು ರೇಗಿದರೆ, "ಇದೊಂದೇ ಸಾರ್" ಎನ್ನುತ್ತಾನೆ. ಮೊನ್ನೆ ಫೈಲೊಂದನ್ನು ಕೇಳಿಕೊಂಡು ಅವನ ಮನೆಗೇ ಹೋದೆ. ಅವನ ಅಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಆಕೆ, ಪಾರ್ಶ್ವವಾಯು ಬಡಿದ ಮೇಲೆ ಒಂದಕ್ಷರವನ್ನೂ ಗುರುತಿಸಲಾರರು. ಆಸ್ಪತ್ರೆಯ ವೆಬ್‌ಸೈಟಿಗೆ ಅವನು ಮೊದಲು ಇಟ್ಟಿದ್ದ ಸೂಜಿಯ ಚಿತ್ರಕ್ಕೆ ಅವರು ಹೆದರಿದ್ದರಂತೆ, ಕಟ್ಟಡದ ಚಿತ್ರ ಗುರುತು ಹತ್ತಲಿಲ್ಲವಂತೆ. ಈಗ ಅಲ್ಲಿ ಅವರ ಡಾಕ್ಟರ ದಪ್ಪ ಮೀಸೆ ಮಾತ್ರ ಇತ್ತು. ಅವನು ಮೌಸಿಗೆ ಕೈ ಚಾಚಿದ. "ತೆಗಿಯೋ ಕೈನ! ನಂಗೆ ಗೊತ್ತು" ಎಂದು ಗದರಿ, ಅಕ್ಕ ತಾವೇ ಮೀಸೆಯನ್ನು ಒತ್ತಿದರು.