ಸಣ್ಣವ್ವನ ನೆತ್ತರಿನ ಬುತ್ತಿಗಳು

ನಾನು ಮಾಡುವ ಕೆಲಸವನ್ನು ಮನೆಯವರಿಗೆ ತಿಳಿಸಿ ಹೇಳುವುದರಷ್ಟು ತಲೆಬಿಸಿ ಇನ್ನೊಂದಿಲ್ಲ. ಬಸವಕಲ್ಯಾಣದಲ್ಲಿರುವ ನಮ್ಮವ್ವನ ಲೆಕ್ಕದಲ್ಲಿ ನಾನು ಹೈದರಾಬಾದಿನ ಯಾವುದೋ ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡುವವಳು. ಅಲ್ಲವ್ವ, ಕ್ಯಾನ್ಸರಿನ ಜೀವಕೋಶಗಳು ಒಂದಕ್ಕೊಂದು ಹೇಗೆ ಸುದ್ದಿ ಮುಟ್ಟಿಸುತ್ತವೆ ಅನ್ನುವುದರ ಸಂಶೋಧನೆ ನನ್ನದು ಎಂದು ಎಷ್ಟು ಸಲ ಬಾಯಿ ಬಡಿದುಕೊಂಡರೂ, ಅದೇ ಅಲ್ಲವೇನು, ರಕ್ತದ್ದೇ ಅಲ್ಲವೇನು ಎನ್ನುತ್ತಾಳೆ. ಒಂದು ದಿನ ರೇಗಿ, ಹೌದು, ರಕ್ತದ್ದೇ ಎಂದುಬಿಟ್ಟೆ. ಅಂದಿನಿಂದ ಮನೆಯಲ್ಲಿ ಆ ಜಗಳ ಮುಗಿಯಿತು.

ಸರಿಯಾಗಿ ಅರ್ಥ ಮಾಡಿಕೊಂಡವಳು ಒಬ್ಬಳೇ. ಅವ್ವನ ತಂಗಿ, ಹುಮನಾಬಾದ್ ಹತ್ತಿರದ ಹುಡಗಿ ಎಂಬ ಹಳ್ಳಿಯಲ್ಲಿರುವ ನಮ್ಮ ಸಣ್ಣವ್ವ. ಅವಳ ಗಂಡ, ನನ್ನ ಕಾಕಾ, ಕುರಿ ಮೇಯಿಸುವವರು. ದಿನಾ ಬೆಳಿಗ್ಗೆ ಅವರಿಗೆ ರೊಟ್ಟಿ, ಖಾರದ ಹಿಂಡಿ, ಉಳ್ಳಾಗಡ್ಡಿ ಇಟ್ಟು ಬುತ್ತಿ ಕಟ್ಟಿಕೊಡುತ್ತಾಳೆ. ಆ ಬುತ್ತಿಯನ್ನೇ ತೋರಿಸಿ ನಾನು ಅವಳಿಗೆ ಪಾಠ ಮಾಡಿದ್ದೆ. ನಮ್ಮ ಮೈಯ ಜೀವಕೋಶಗಳೂ ಕಣ್ಣಿಗೆ ಕಾಣದಷ್ಟು ಸಣ್ಣ ಬುತ್ತಿ ಕಟ್ಟಿ ಹೊರಗೆ ಬಿಡುತ್ತವೆ. ಪುಸ್ತಕದಲ್ಲಿ ಅವಕ್ಕೆ ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್ ಎಂಬ ಉದ್ದನೆಯ ಹೆಸರಿದೆ. ನೆತ್ತರಿನಲ್ಲಿ ತೇಲಿ ಹೋಗಿ ಅವು ಬೇರೆ ಕೋಶಗಳನ್ನು ಸೇರುತ್ತವೆ, ಒಳಗೆ ಏನು ಹೇಳಿ ಕಳಿಸಿದೆಯೋ ಆ ಕೋಶ ಹಾಗೆ ನಡೆದುಕೊಳ್ಳುತ್ತದೆ. ಕ್ಯಾನ್ಸರಿನ ಕೋಶವಂತೂ ಬಿಡುವಿಲ್ಲದೆ ಬುತ್ತಿ ಕಟ್ಟುತ್ತದೆ. ದೂರದ ಎಲುಬಿಗೋ ಶ್ವಾಸಕೋಶಕ್ಕೋ ಕಳಿಸಿ, ಬರುತ್ತಿದ್ದೇನೆ, ಜಾಗ ಮಾಡಿಡು ಎಂದು ಹೇಳಿಸುತ್ತದೆ.

ಸಣ್ಣವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಹಂಗಾರ ನನ್ನ ಒಳಗ ಈಗ ಯಾರರ ಬುತ್ತಿ ಕಟ್ಟಾಕತ್ತಾರೇನು?"

ಅವಳು ಹಾಗೆ ಕೇಳುವುದಕ್ಕೆ ಕಾರಣವಿತ್ತು. ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಆಪರೇಷನ್ ಆಗಿ, ಔಷಧಿಯ ಕಾಟವೆಲ್ಲ ಮುಗಿದು, ಉದುರಿದ ಕೂದಲು ಆಗ ತಾನೇ ಮತ್ತೆ ಬಂದಿತ್ತು. ಹೊಸ ಕೂದಲು ಗುಂಗುರಾಗಿದ್ದಕ್ಕೆ ನಾವೆಲ್ಲ ಅವಳನ್ನು ಚೇಷ್ಟೆ ಮಾಡುತ್ತಿದ್ದೆವು. ಅವತ್ತು ಚೇಷ್ಟೆ ಮಾಡಲಿಲ್ಲ. ಯಾರೂ ಕಟ್ಟುತ್ತಿಲ್ಲ, ಸುಮ್ಮನೆ ರೊಟ್ಟಿ ಬಡಿ ಎಂದೆ.

ಕೆಲವು ತಿಂಗಳ ಮೇಲೆ ನಮ್ಮ ಲ್ಯಾಬಿಗೆ ಹೊಸ ಯಂತ್ರ ಬಂತು. ನೆತ್ತರಿನ ತಿಳಿಯಲ್ಲಿ, ಅಂದರೆ ಪ್ಲಾಸ್ಮಾದಲ್ಲಿ, ಹೊಳೆಯುವ ಸಣ್ಣ ಕಣಗಳನ್ನು ಅದು ಎಣಿಸುತ್ತದೆ. ನಿಜವಾದ ಅಧ್ಯಯನಕ್ಕೆ ಮೊದಲು ಕೆಲಸದ ಹದ ನೋಡಲು ಒಂದಿಷ್ಟು ಜನರ ರಕ್ತ ಬೇಕಾಗಿತ್ತು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಸಣ್ಣವ್ವ ತಾನೇ ಮುಂದಾಗಿ ಒಪ್ಪಿಗೆಯ ಹೆಬ್ಬೆಟ್ಟು ಒತ್ತಿದಳು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹುಮನಾಬಾದಿನ ಕ್ಲಿನಿಕ್ಕಿಗೆ ಹೋಗಿ ರಕ್ತ ಕೊಟ್ಟು ಬಂದಳು. ಅಲ್ಲಿಯವರು ಅದರ ತಿಳಿ ತೆಗೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕಳಿಸಿದರು. ನಮ್ಮ ವಿದ್ಯಾರ್ಥಿನಿಯೊಬ್ಬಳು ಅದನ್ನು ಯಂತ್ರಕ್ಕೆ ಹಾಕಿದಳು. ನಾನು ನೋಡಿದ್ದು ಪರದೆಯ ಮೇಲಿನ ಗೆರೆಯನ್ನಷ್ಟೇ.

ಆ ಗೆರೆ ಗುಡ್ಡದಂತೆ ಎದ್ದು ನಿಂತಿತ್ತು. ಉಳಿದ ಯಾರದ್ದೂ ಅದರ ಹತ್ತಿರಕ್ಕೂ ಇರಲಿಲ್ಲ.

ಕಣ ಹೆಚ್ಚಾದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ, ಇದು ರೋಗ ಪತ್ತೆಯ ಪರೀಕ್ಷೆಯೂ ಅಲ್ಲ. ಈ ಮಾತನ್ನು ವಿದ್ಯಾರ್ಥಿಗಳಿಗೆ ಬೈದು ಬೈದು ಕಲಿಸಿದವಳು ನಾನೇ. ಅವು ಖರೆ ಬುತ್ತಿಗಳೋ ಅಲ್ಲವೋ ಎಂದು ನೋಡುವ ಬೇರೆ ಪರೀಕ್ಷೆಗಳಿವೆ, ಅವನ್ನು ಮಾಡಿಸಬೇಕಾಗಿತ್ತು. ತಲೆಗೆ ಇದೆಲ್ಲ ಗೊತ್ತಿತ್ತು, ಹೊಟ್ಟೆಗೆ ಗೊತ್ತಾಗಲಿಲ್ಲ. ರೋಗ ತಿರುಗಿ ಬಂದಿದ್ದರೆ? ಆ ಗುಂಗುರು ಕೂದಲು ಮತ್ತೆ ಉದುರಿದರೆ? ಮರುದಿನವೇ ಹುಮನಾಬಾದಿನ ಬಸ್ಸು ಹತ್ತಿದೆ.

ಹೇಳದೆ ಕೇಳದೆ ಬಂದವಳನ್ನು ಕಂಡು ಕಾಕಾಗೆ ಖುಷಿಯೋ ಖುಷಿ. ಸಣ್ಣವ್ವ ಮಾತ್ರ ನನ್ನ ಮುಖವನ್ನೇ ನೋಡಿದಳು. ಯಂತ್ರದಲ್ಲಿ ಏನೋ ಗಡಿಬಿಡಿಯಾಗಿದೆ, ಇನ್ನೊಂದು ಸಲ ರಕ್ತ ಬೇಕು ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಯಾವತ್ತೂ ದಡ್ಡಿ. ಅವಳು ಹೂಂ ಎಂದು ಒಳಗೆ ಹೋದಳು. ಆ ಸಂಜೆ ನನಗೆ ಅನ್ನ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮುಖ ತೊಳೆದು ಅಡುಗೆಮನೆಗೆ ಕಾಲಿಟ್ಟೆ. ಸಣ್ಣವ್ವ ಒಲೆಯ ಮುಂದೆ ಕೂತು, ದೊಡ್ಡ ವಾಟಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿಯುತ್ತಿದ್ದಳು. ಬಿಸಿ ಎಮ್ಮೆಹಾಲು, ಬೆಲ್ಲ, ಮೇಲೆ ಬೆರಳು ದಪ್ಪ ತುಪ್ಪ. ತುಟಿಯ ಮೇಲೆಲ್ಲ ತುಪ್ಪದ ಜಿಡ್ಡು.

ಬಾಯಿಗೆ ಬಂದದ್ದೆಲ್ಲ ಬೈದುಬಿಟ್ಟೆ. ಬರಿಹೊಟ್ಟೆ ಅಂತ ಸಾರಿ ಸಾರಿ ಹೇಳಿದ್ದೆನಲ್ಲ, ನಿನಗೆ ಬುದ್ಧಿ ಇದೆಯೋ ಇಲ್ಲವೋ ಎಂದೆ. ಅವಳು ತಣ್ಣಗೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ರೊಟ್ಟಿ ಮುಟ್ಟಿಲ್ಲ, ಚಹಾ ಮುಟ್ಟಿಲ್ಲ. ತುಪ್ಪ ಏನ್ ಊಟಾನ? ರಕ್ತ ತೆಗೀತಾರಂದ್ರ ಮೈಯಾಗ ತಾಕತ್ತು ಬ್ಯಾಡೇನು?"

ಆಗ ನನ್ನ ತಲೆ ಕೆಲಸ ಮಾಡಿತು. ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದು ಹೀಗೇ. ಬಾಣಂತಿಗೆ ತುಪ್ಪ, ಕುಡಗೋಲು ತಾಗಿದವನಿಗೆ ತುಪ್ಪ. ಮೈಯಿಂದ ನೆತ್ತರು ಹೋಗುವುದಿದ್ದರೆ ಮುಂಚೆಯೇ ತುಪ್ಪ ಹೋಗಬೇಕು. ಅದನ್ನು ಊಟದಲ್ಲಿ ಯಾರೂ ಹಿಡಿಯುವುದಿಲ್ಲ. ಈ ಮನೆತನದಲ್ಲೇ ಹುಟ್ಟಿ ಬೆಳೆದ ನನಗೆ ಅದು ನೆನಪಾಗಿರಲಿಲ್ಲ ನೋಡಿ.

"ಹೋದ ಸಲಾನೂ ಕುಡದಿದ್ದೇನು?" ಎಂದು ಕೇಳಿದೆ.

"ಕುಡದಿದ್ದೆ. ಹೋದ ಸಲ ಇದಕಿಂತ ಜಾಸ್ತೀನ. ನಿಮ್ಮವ್ವ ಕಲ್ಯಾಣದಿಂದ ತುಪ್ಪ ಕಳಿಸಿದ್ದಳು, ರಕ್ತ ಕೊಡೂಕಿಂತ ಮೊದಲ ಕುಡೀಬೇಕಂತ ಹೇಳಿ."

ನಾನು ಅಲ್ಲೇ ಕಟ್ಟಿಗೆಯ ರಾಶಿಯ ಪಕ್ಕದಲ್ಲಿ ಕೂತೆ. ತುಪ್ಪ ಕುಡಿದ ಮೇಲೆ ಒಂದೆರಡು ತಾಸಿನಲ್ಲಿ ನೆತ್ತರಿನ ತುಂಬ ಕೊಬ್ಬಿನ ಕಣಗಳು ತೇಲಾಡುತ್ತವೆ. ಗಾತ್ರದಲ್ಲಿ ಅವೂ ನಮ್ಮ ಬುತ್ತಿಗಳಷ್ಟೇ. ಪಾಪ, ಯಂತ್ರಕ್ಕೆ ಬುತ್ತಿ ಯಾವುದು, ತುಪ್ಪ ಯಾವುದು ಗೊತ್ತಾಗುವುದಿಲ್ಲ. ಹೊಳೆದದ್ದನ್ನೆಲ್ಲ ಎಣಿಸುತ್ತದೆ. ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ಮಾಡಿದೆ.

ಆದರೂ ಅದು ಅಂದಾಜು ಅಷ್ಟೇ, ಖಾತ್ರಿಯಲ್ಲ. ಒಂದು ದಿನ ಉಳಿದೆ. ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕಾವಲು ಕೂತೆ. ಕಾಕಾ ಎರಡು ಸಲ ಬಂದು, ಪಾಪ, ಒಂದು ಚಮಚವಾದರೂ ಕೊಡು ಎಂದು ವಕಾಲತ್ತು ಮಾಡಿ ನನ್ನಿಂದ ಬೈಸಿಕೊಂಡು ಹೋದರು. ಸಣ್ಣವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಹುಮನಾಬಾದಿಗೆ ಹೋದೆ. ಈ ಸಲ ಕ್ಲಿನಿಕ್ಕಿನಲ್ಲಿ ನಾನೇ ನಿಂತು, ರಕ್ತದ ನಳಿಕೆಯನ್ನು ಯಂತ್ರದಲ್ಲಿ ತಿರುಗಿಸಿ ತೆಗೆದೆ. ಕೆಂಪೆಲ್ಲ ಕೆಳಗಿಳಿದು ಮೇಲೆ ತಿಳಿ ನಿಂತಿತ್ತು, ಬೇಳೆಯ ಕಟ್ಟಿನ ಹಾಗೆ ತೆಳು ಹಳದಿ. ಅದರಾಚೆ ನನ್ನ ಬೆರಳು ಕಾಣುತ್ತಿತ್ತು.

ಹೈದರಾಬಾದಿಗೆ ಬಂದು ಮೊದಲು ಮಾಡಿದ ಕೆಲಸ, ಫ್ರೀಜರಿನಲ್ಲಿದ್ದ ಅವಳ ಹಳೆಯ ನಳಿಕೆಯಲ್ಲಿ ಉಳಿದದ್ದನ್ನು ಕರಗಿಸಿ ನೋಡಿದ್ದು. ಬೆಳ್ಳಗೆ ಮಜ್ಜಿಗೆಯಂತಿತ್ತು. ಹೊಸದನ್ನು ಯಂತ್ರಕ್ಕೆ ಹಾಕಿದೆ. ಗುಡ್ಡ ಇರಲಿಲ್ಲ, ಉಳಿದ ಎಲ್ಲರ ಹಾಗೆ ಸಣ್ಣದೊಂದು ದಿಬ್ಬ ಅಷ್ಟೇ. ಖರೆ ಬುತ್ತಿಗಳನ್ನು ಗುರುತಿಸುವ ಪರೀಕ್ಷೆಯೂ ಅದೇ ಮಾತು ಹೇಳಿತು. ಆ ವಾರವೇ ಅವಳ ಮಾಮೂಲಿ ತಪಾಸಣೆ ಇತ್ತು. ನನಗೆ ನಿಜವಾದ ಧೈರ್ಯ ಬಂದದ್ದು ಅವಳ ಡಾಕ್ಟರು ಸ್ಕ್ಯಾನ್ ನೋಡಿ ಏನೂ ಇಲ್ಲ ಎಂದಾಗ. ಎದೆಯ ಮೇಲಿನ ಕಲ್ಲು ಇಳಿದು, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಈಗ ನಮ್ಮ ಲ್ಯಾಬಿನ ಸೂಚನೆಯಲ್ಲಿ, ಹಿಂದಿನ ರಾತ್ರಿಯಿಂದ ನೀರು ಬಿಟ್ಟು ಏನನ್ನೂ ಸೇವಿಸಬಾರದು, ತುಪ್ಪವನ್ನೂ ಕೂಡ ಎಂದು ದಪ್ಪ ಅಕ್ಷರದಲ್ಲಿ ಇದೆ. ಓದಿದವರೆಲ್ಲ ನಗುತ್ತಾರೆ. ನಗಲಿ.

ಸಣ್ಣವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಮೊದಲು ನಾನು ಹೆದರಿದ್ದನ್ನೂ ಸೇರಿಸಿ.

"ನೀ ಬಂದ ದಿನಾನ ನಿನ್ನ ಮಾರಿ ನೋಡಿ ನನಗ ತಿಳದಿತ್ತವ್ವ," ಎಂದಳು. "ಮತ್ತ ಬಂದದ, ಮತ್ತ ಕೊಯ್ತಾರ ಅಂದ್ಕೊಂಡೆ. ಈ ಸಲ ತಡಕೊಳ್ಳಾಕ ಮೈ ಗಟ್ಟಿ ಇರಲಿ ಅಂತ ಮುಂಜಾನೆ ಆ ವಾಟಿ ಹಿಡಕೊಂಡು ಕೂತಿದ್ದೆ. ನೀ ಬಂದು ಬೈದಿ."

ತುಪ್ಪ ಇನ್ನೂ ಉಳಿದಿದೆಯೇನು ಎಂದು ಕೇಳಿದೆ. ಡಬ್ಬಿಯ ತಳದಲ್ಲಿ ಇದೆ, ನೀನು ಬೈಯುತ್ತೀ ಅಂತ ಮುಟ್ಟಿಲ್ಲ ಎಂದಳು.

"ಈಗ ಕುಡಿ ಸಣ್ಣವ್ವ," ಎಂದೆ.