ಚೆಲ್ಲಲೇಬೇಕಾದ ನೀರು

ಕಲ್ಲಿದ್ದಲ ಗಣಿಯ ಸುತ್ತ ನೀರಿನ ಪರೀಕ್ಷೆಗೆಂದು ಕೊರೆದ ಕೊಳವೆಬಾವಿಗಳಿಗೆ ಟೇಪು ಇಳಿಸಿ ನೀರಿನ ಆಳ ಬರೆದುಕೊಳ್ಳುವುದು ಹನ್ನೊಂದು ವರ್ಷದಿಂದ ಅವನ ಕೆಲಸವಾದ್ದರಿಂದ ಎಲ್ಲರೂ ಅವನನ್ನು ಟೇಪಣ್ಣ ಎನ್ನುತ್ತಿದ್ದರು. ಪರೀಕ್ಷೆಗೆ ನೀರು ಹಿಡಿಯುವ ಮೊದಲು ಕೊಳವೆಯಲ್ಲಿ ನಿಂತ ಹಳೇ ನೀರನ್ನೆಲ್ಲ ಪಂಪಿನಿಂದ ಎತ್ತಿ ಚೆಲ್ಲಬೇಕು. ಅದು ನಿಯಮ, ಬಾಯಾರಿದವರ ಎದುರು ನಿಂತು ಬರೆದ ನಿಯಮವಂತೂ ಅಲ್ಲ. ಅಂದು ಅವನು ಚೆಲ್ಲುತ್ತಿದ್ದದ್ದು ಅತ್ತಿಗೆಯ ಮನೆಯೆದುರು. ಅವಳ ಹಿತ್ತಲ ಬಾವಿ ಹೋದ ತಿಂಗಳಷ್ಟೇ ಬತ್ತಿತ್ತು.

ಅತ್ತಿಗೆ ಓಡಿಬಂದು ಪೈಪಿಗೆ ಕೊಡ ಹಿಡಿದಳು. ಟೇಪಣ್ಣ ಕೊಡವನ್ನು ಜಾಡಿಸಿ ಒದ್ದ.

"ನಿನ್ ಕಾಲು ಸೇದೋಗ!" ಎಂದವಳೇ ಅದೇ ಕೊಡವನ್ನೆತ್ತಿ ಅವನ ನೆತ್ತಿಗೆ ಅಪ್ಪಳಿಸಿದಳು. ತಲೆ ಒಡೆದು ರಕ್ತ ಕಣ್ಣಿಗಿಳಿಯಿತು. ಅಕ್ಕಪಕ್ಕದವರೂ ನುಗ್ಗಿ ಸಿಕ್ಕಸಿಕ್ಕಲ್ಲಿ ತದುಕಿದರು. ಪಕ್ಕದ ಮನೆಯ ದರ್ಜಿಯ ಮೊಣಕೈ ಏಟಿಗೆ ಅವನ ಮುಂದಿನ ಹಲ್ಲು ಉದುರಿತು. ಅವನೇನು ಕಮ್ಮಿಯೇ? ಟೇಪಿನ ತುದಿಯ ಕಬ್ಬಿಣದ ಗುಂಡನ್ನು ಬೀಸಿ ಆ ಮೊಣಕೈಯನ್ನೇ ಮುರಿದ.

"ಕುಡಿದ್ರೆ ಸಾಯ್ತೀರಲ್ರೋ!" ಎಂದು ಕಿರುಚಿದ. "ಈ ಬೀದಿ ನೀರೆಲ್ಲ ವಿಷ! ಮೂರು ವರ್ಷದಿಂದ ಆಫೀಸಿಗೆ ಬರೀತಾನೇ ಇದೀನಿ!"

ಎತ್ತಿದ ಕೈಗಳು ಅಲ್ಲೇ ನಿಂತವು.

"ಮೂರು ವರ್ಷ ನಾವು ಬಾವೀಲಿ ಸೇದಿ ಕುಡಿದದ್ದೂ ಇದೇ ನೀರಲ್ವೇನೋ?" ಅತ್ತಿಗೆಯ ದನಿ ತಗ್ಗಿತು. "ಅದಕ್ಕೇನಾ, ನಮ್ಮನೇಗೆ ಊಟಕ್ಕೆ ಬಂದಾಗೆಲ್ಲ ಕುಡಿಯೋಕೆ ನಿನ್ನ ಬಾಟ್ಲಿ ನೀನೇ ತರ್ತಿದ್ದದ್ದು?"

ಟೇಪಣ್ಣನ ಕೈಯಿಂದ ಕಬ್ಬಿಣದ ಗುಂಡು ಜಾರಿತು. ಅವಳು ಮತ್ತೆ ಕೊಡ ಎತ್ತಿದಳು. ಈ ಸಲ ಅವನು ಕೈ ಅಡ್ಡ ಹಿಡಿಯಲಿಲ್ಲ.